ಬಿಳಿ ರಕ್ತಕಣಕ್ಕೆ ದಾರಿ ತೋರಿಸುವವರು ಒಬ್ಬರಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಗಾಯ ಮಾಯುವ ಬಗ್ಗೆ ಬಂದ ಲೇಖನ ಓದಿದೆ. ಬಿಳಿ ರಕ್ತಕಣಗಳು ಬೇಟೆನಾಯಿಯಂತೆ ಒಂದು ರಾಸಾಯನಿಕದ ಜಾಡು ಹಿಡಿದು ಗಾಯದ ಕಡೆ ಹೋಗುತ್ತವೆ ಅಂತ ಬರೆದಿದ್ದೀರಿ. ತಪ್ಪಿಲ್ಲ, ಆದರೆ ಕಥೆ ಅರ್ಧಕ್ಕೇ ನಿಂತಿತು. ಆ ಕಣಕ್ಕೆ ಒಂದೇ ಜಾಡು ಸಿಗುವುದಿಲ್ಲ. ಒಂದೇ ಹೊತ್ತಿಗೆ ನಾಲ್ಕಾರು ಸಿಗುತ್ತವೆ, ಅದೂ ಬೇರೆ ಬೇರೆ ದಿಕ್ಕಿನಿಂದ. ಯಾವುದನ್ನು ನಂಬಬೇಕು? ಸ್ವಾರಸ್ಯ ಇರುವುದೇ ಅಲ್ಲಿ, ಅಲ್ವಾ?

ನಾನು ರಕ್ತ ಪರೀಕ್ಷೆಯ ಲ್ಯಾಬ್ ಟೆಕ್ನಿಷಿಯನ್. ಸ್ಲೈಡ್ ಮೇಲೆ ರಕ್ತ ಹರಡಿ, ಲೀಶ್ಮನ್ ಬಣ್ಣ ಹಾಕಿ, ಬಿಳಿ ಕಣಗಳನ್ನು ಎಣಿಸುವುದು ನನ್ನ ಕೆಲಸ. ಜಾಸ್ತಿ ಕಾಣುವುದು ನ್ಯೂಟ್ರೋಫಿಲ್. ಅದರ ನೇರಳೆ ನ್ಯೂಕ್ಲಿಯಸ್ ಮೂರು ನಾಲ್ಕು ಉಂಡೆಯಾಗಿರುತ್ತದೆ, ನಡುವೆ ತೆಳು ಎಳೆ. ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಸತ್ತಿರುತ್ತದೆ ಬಿಡಿ. ಬದುಕಿದ್ದಾಗ ನಿಮಿಷಕ್ಕೆ ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ತೆವಳುತ್ತದೆ, ಹೆಚ್ಚುಕಮ್ಮಿ ತನ್ನ ಮೈಯಷ್ಟು ದೂರ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದವರು 2002ರಲ್ಲಿ ಈ ಕಣವನ್ನು ಪೇಚಿಗೆ ಸಿಕ್ಕಿಸಿ ನೋಡಿದರು. ಅಗರೋಸ್ ಎಂಬ ಲೋಳೆಯಂಥ ಜೆಲ್‌ನಲ್ಲಿ ಸಾಲಾಗಿ ತೂತು ಕೊರೆದು ನ್ಯೂಟ್ರೋಫಿಲ್‌ಗಳನ್ನು ನಡುವೆ ಬಿಟ್ಟರು. ಒಂದು ಕಡೆ ಐಎಲ್-8. ನಮ್ಮ ದೇಹದ ಜೀವಕೋಶಗಳೇ ಕಳಿಸುವ ಕರೆ ಅದು, 'ಇಲ್ಲೆಲ್ಲೋ ತೊಂದರೆ' ಅನ್ನುವಂಥದ್ದು. ಇನ್ನೊಂದು ಕಡೆ ಎಫ್‌ಎಂಎಲ್‌ಪಿ, ಬ್ಯಾಕ್ಟೀರಿಯಾ ಹೊರಬಿಡುವಂಥ ಪ್ರೋಟೀನ್ ಚೂರು. ಕಣಗಳು ಐಎಲ್-8ಕ್ಕೆ ಬೆನ್ನು ಹಾಕಿ ಎರಡನೆಯದರ ಕಡೆ ಹೋದವು. ಕಾರಣ ಕಣದೊಳಗೇ ಇದೆ. ಐಎಲ್-8ರ ಸಂದೇಶ ಪಿಐ3ಕೆ ಎಂಬ ಕಿಣ್ವದ ದಾರಿಯಲ್ಲಿ ಸಾಗುತ್ತದೆ, ಬ್ಯಾಕ್ಟೀರಿಯಾದ್ದು ಪಿ38 ಎಂಬ ಇನ್ನೊಂದು ಕಿಣ್ವದ ದಾರಿಯಲ್ಲಿ. ಪಿ38 ಎದ್ದರೆ ಇನ್ನೊಂದನ್ನು ಅದುಮಿಬಿಡುತ್ತದೆ. ಕರೆಯುವವರು ಎಷ್ಟೇ ಇರಲಿ, ಶತ್ರು ಸಿಕ್ಕಿದ ಮೇಲೆ ಅವರ ಮಾತು ನಡೆಯುವುದಿಲ್ಲ!

ಸುಳಿವು ಅಂದರೆ ರಾಸಾಯನಿಕವೇ ಆಗಬೇಕೆಂದೂ ಇಲ್ಲ. ಫೈಬ್ರೋಬ್ಲಾಸ್ಟ್‌ಗಳು, ಅಂದರೆ ಗಾಯದಲ್ಲಿ ಹೊಸ ಅಂಗಾಂಶ ಕಟ್ಟುವ ಕೋಶಗಳು, ಮೆತ್ತನೆ ನೆಲದಿಂದ ಗಟ್ಟಿ ನೆಲಕ್ಕೆ ಸರಿಯುತ್ತವೆ ಅಂತ 2000ದಲ್ಲೇ ತೋರಿಸಿದ್ದಾರೆ. ಗಾಯದಲ್ಲಿ ಸಣ್ಣ ಪ್ರಮಾಣದ ವಿದ್ಯುತ್ತೂ ಹರಿಯುತ್ತದೆ. ಜರ್ಮನಿಯ ಡು ಬ್ವಾ-ರೇಮಂಡ್ 1843ರಲ್ಲೇ ಅದನ್ನು ಕೊಯ್ದ ತನ್ನ ಬೆರಳಿನಲ್ಲಿ ಅಳೆದಿದ್ದ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆ ವಿದ್ಯುತ್ ಕ್ಷೇತ್ರದ ದಿಕ್ಕನ್ನು ಹೊರಗಿನಿಂದ ತಿರುಗಿಸಿದರು. ಅಂಚಿನ ಕೋಶಗಳು, ಎದುರಿಗೇ ಖಾಲಿ ಜಾಗ ಇದ್ದರೂ, ಗಾಯ ಬಿಟ್ಟು ಹಿಂದೆ ಸರಿದವು. ಇಷ್ಟು ಜೋರಾದ ಸುಳಿವಿನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಸುಮ್ನೆ ತಕರಾರು ತೆಗೆಯುತ್ತಿಲ್ಲ. ಲೇಖನ ಓದಿದ ನಮ್ಮ ಲ್ಯಾಬಿನ ಹುಡುಗಿ, "ಹಾಗಾದರೆ ಆ ರಾಸಾಯನಿಕ ತಡೆದರೆ ಉರಿಯೂತ ನಿಲ್ಲುತ್ತದಲ್ಲ ಅಕ್ಕಾ?" ಅಂತ ಕೇಳಿದಳು. ನೀವು ಬರೆದಿದ್ದನ್ನು ಓದಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಒಂದು ದಾರಿ ಮುಚ್ಚಿದರೂ ಕಣಕ್ಕೆ ಬೇರೆ ಸುಳಿವುಗಳು ಇದ್ದೇ ಇರುತ್ತವೆ. ಉರಿಯೂತಕ್ಕೆ ಔಷಧ ಹುಡುಕುವವರಿಗೆ ತಲೆನೋವು ಇದೇ.

ಆದ್ದರಿಂದ ಇದರ ಮುಂದಿನ ಭಾಗ ಬರೆಸಿ. ಚಿತ್ರ ಹಾಕುವುದಾದರೆ ಒಂದೇ ಬಾಣ ಬೇಡ. ಮೂರ್ನಾಲ್ಕು ಇರಲಿ, ಒಂದು ದಪ್ಪ, ಉಳಿದವು ಸಣ್ಣ. ಯಾವುದು ಯಾಕೆ ದಪ್ಪ ಅಂತ ಕೆಳಗೆ ಎರಡು ಸಾಲು ಬರೆದರೆ ಸಾಕು.

ಇತಿ,
ನಿಮ್ಮ ವಿಜ್ಞಾನ ಪುಟದ ಕಾಯಂ ಓದುಗರಲ್ಲೊಬ್ಬಳು