ಶನಿವಾರದ ವೀಕ್ಷಣೆ: ಗುರುವಿನ ನಾಲ್ಕು ಉಪಗ್ರಹಗಳು

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಬರುವ ಶನಿವಾರ ರಾತ್ರಿ 8 ಗಂಟೆಗೆ ಧಾರವಾಡದ ಸಾಧನಕೇರಿಯಲ್ಲಿ, ನಮ್ಮ ಮನೆಯ ಮಾಳಿಗೆಯ ಮೇಲೆ ದೂರದರ್ಶಕವನ್ನು ಇಡಲಾಗುವುದು. ಈ ಸಲ ನೋಡಬೇಕಾದದ್ದು ಗುರುಗ್ರಹಕ್ಕಿಂತ ಹೆಚ್ಚಾಗಿ ಅದರ ಮಗ್ಗುಲಲ್ಲಿ ಸಾಲಾಗಿ ನಿಲ್ಲುವ ನಾಲ್ಕು ಚುಕ್ಕೆಗಳನ್ನು. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಅಯೋ, ಯುರೋಪಾ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೋ ಇವೇ.

ಮೊನ್ನೆ ಇಲ್ಲಿ ಹರಿದಾಡಿದ ಸಂದೇಶವೊಂದು ಇವನ್ನೆಲ್ಲ ‘ತಣ್ಣಗಾದ ಸತ್ತ ಬಂಡೆಗಳು’ ಎಂದಿತ್ತು. ಅದು ತಪ್ಪು. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕುತ್ತವೆ. ಈ ತಾಳ ತಪ್ಪದ ಕಾರಣ ಅಯೋದ ಕಕ್ಷೆ ಪೂರ್ಣ ವೃತ್ತವಾಗದೆ ತುಸು ಅಂಡಾಕಾರದಲ್ಲೇ ಉಳಿದು, ಗುರುವಿನ ಸೆಳೆತವು ಅದನ್ನು ರೊಟ್ಟಿಯ ಹಿಟ್ಟು ನಾದಿದಂತೆ ಬಿಡದೆ ನಾದುತ್ತಿರುತ್ತದೆ, ಆ ತಿಕ್ಕಾಟದ ಶಾಖದಿಂದಲೇ ಅಲ್ಲಿ ಜ್ವಾಲಾಮುಖಿಗಳು ಉಕ್ಕುತ್ತವೆ. 1979ರಲ್ಲಿ ವಾಯೇಜರ್ 1 ಗಗನನೌಕೆ ಕಳುಹಿಸಿದ ಚಿತ್ರಗಳಲ್ಲಿ ಅವು ಮೊದಲು ಕಂಡವು. ಗ್ಯಾನಿಮೀಡ್ ಅಂತೂ ಸುಮಾರು 5,270 ಕಿ.ಮೀ. ವ್ಯಾಸದ್ದು, ಬುಧಗ್ರಹಕ್ಕಿಂತ ದೊಡ್ಡದು.

ಅಯೋ ಸುಮಾರು 42 ಗಂಟೆಗಳಲ್ಲಿ ಗುರುವನ್ನು ಸುತ್ತಿಬರುವುದರಿಂದ, ರಾತ್ರಿ 8ಕ್ಕೆ ಒಂದು ಸಲ, 10ಕ್ಕೆ ಇನ್ನೊಂದು ಸಲ ಚುಕ್ಕೆಗಳ ಸ್ಥಾನವನ್ನು ಕಾಗದದ ಮೇಲೆ ಗುರುತಿಸಿದರೆ ಅದು ಸರಿದದ್ದು ಬಹುಮಟ್ಟಿಗೆ ನಿಮಗೇ ತಿಳಿಯುತ್ತದೆ. ಆದ್ದರಿಂದ ಪೆನ್ಸಿಲ್ ಮತ್ತು ರಟ್ಟನ್ನು ತಪ್ಪದೆ ತನ್ನಿರಿ. ನಾಲ್ಕರಲ್ಲಿ ಮೂರೇ ಕಂಡರೆ ದೂರದರ್ಶಕವನ್ನು ಬೈಯಬೇಡಿ. ಒಂದು ಗುರುವಿನ ಹಿಂದೋ ಮುಂದೋ ಇದ್ದೀತು. ಮೊಬೈಲ್ ಬೆಳಕನ್ನು ಮೆಟ್ಟಿಲ ಕೆಳಗೇ ಆರಿಸಿ ಮೇಲೆ ಬರಬೇಕು, ಕಳೆದ ಸಲದ ಅನುಭವ ಸಾಕು. ಜಿಟಿಜಿಟಿ ಮಳೆ ಹಿಡಿದರೆ ಸಂಜೆ 6ರೊಳಗೆ ಇಲ್ಲಿಯೇ ತಿಳಿಸಲಾಗುವುದು.