ಹಸಿರು ಮಸಾಲೆ ಮನೆಯಲ್ಲೇ ರುಬ್ಬಿಕೋ ಮಾರಾಯ

ಗೆಳೆಯಾ,

ಪುಣೆಯಲ್ಲಿ ಪ್ಯಾಕೆಟ್ ಮಸಾಲೆ ಹಾಕಿ ಚಾಪ್ಸ್ ಮಾಡಿದರೆ ಮಂಡ್ಯ ಕಡೆಯ ಘಮ ಬರುವುದಿಲ್ಲ ಎಂದು ಬರೆದಿದ್ದೀಯ. ಬರುವುದಾದರೂ ಹೇಗೆ? ಆ ಘಮ ಇರುವುದು ಹಸಿ ಸೊಪ್ಪಿನಲ್ಲಿ. ಒಮ್ಮೆ ರುಬ್ಬಿ ಫ್ರೀಜರ್‌ನಲ್ಲಿಟ್ಟರೆ ತಿಂಗಳು ಚಿಂತೆಯಿಲ್ಲ.

ಎರಡು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪಿಗೆ ಒಂದು ಕಟ್ಟು ಪುದೀನ ಸಾಕು. ಪುದೀನ ಜಾಸ್ತಿಯಾದರೆ ಬೇರೆಲ್ಲ ಮುಚ್ಚಿಹೋಗುತ್ತದೆ. ಇಲ್ಲಿ ದೇವರಾಜ ಮಾರ್ಕೆಟ್‌ಗೆ ಹೋದರೆ ನಾನು ನಾಟಿ ಕೊತ್ತಂಬರಿಯನ್ನೇ ಹುಡುಕುತ್ತೇನೆ. ಎಲೆ ಸಣ್ಣದು, ಘಮ ಜಾಸ್ತಿ. ಫಾರಂ ಕೊತ್ತಂಬರಿ ನೋಡಲು ಚೆಂದ, ಅಷ್ಟೇ. ಕೊತ್ತಂಬರಿಯ ಎಳೆ ದಂಟನ್ನು ಎಸೆಯಬೇಡ, ಅದರಲ್ಲೂ ಒಳ್ಳೇ ರುಚಿಯಿದೆ. ಪುದೀನದ ದಂಟು ಮಾತ್ರ ಬೇಡ, ಬರೀ ನಾರು. ಜೊತೆಗೆ ಹತ್ತು ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡು ಇಂಚು ಶುಂಠಿ, ಒಂದು ಚಮಚ ಕಲ್ಲುಪ್ಪು. ಮೆಂತ್ಯ ಸೊಪ್ಪು ಹಾಕುವುದಾದರೆ ಒಂದು ಹಿಡಿ, ಅದಕ್ಕಿಂತ ಹೆಚ್ಚಾದರೆ ಕಹಿ.

ಇಡೀ ಕೆಲಸದ ಗುಟ್ಟು ನೀರಿನಲ್ಲಿದೆ. ಸೊಪ್ಪು ತೊಳೆದು, ಬಟ್ಟೆಯ ಮೇಲೆ ಹರಡಿ, ನೆರಳಲ್ಲೇ ಆರಲು ಬಿಡು. ಕೈಗೆ ಪಸೆ ತಾಗಬಾರದು. ರುಬ್ಬುವಾಗಲೂ ನೀರು ಬೇಡ, ಎರಡು ಮೂರು ಚಮಚ ಎಣ್ಣೆ ಹಾಕು. ಮಿಕ್ಸಿಯನ್ನು ಸುಮ್ನೆ ಒಂದೇ ಸಮ ಓಡಿಸಬೇಡ, ಜಾರು ಬಿಸಿಯಾದರೆ ಹಸಿರು ಬಣ್ಣ ಮಂಕಾಗುತ್ತದೆ. ಬಿಟ್ಟು ಬಿಟ್ಟು ತಿರುಗಿಸು, ಸ್ವಲ್ಪ ತರಿಯಾಗಿದ್ದರೆ ಚೆನ್ನ. ನಿಂಬೆರಸವನ್ನೂ ಈಗಲೇ ಹಿಂಡಬೇಡ, ಹುಳಿ ಬಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ.

ತೆಂಗಿನಕಾಯಿ, ಈರುಳ್ಳಿ ಸೇರಿಸಿ ರುಬ್ಬುವವರಿದ್ದಾರೆ. ಅವತ್ತೇ ಅಡುಗೆಗೆ ಬಳಸುವುದಾದರೆ ಸರಿ. ಎತ್ತಿಡುವುದಕ್ಕಾದರೆ ಬೇಡವೇ ಬೇಡ. ಕಾಯಿ ಬೇಗ ಹಳಸುತ್ತದೆ, ಹಸಿ ಈರುಳ್ಳಿ ಕಹಿಯಾಗುತ್ತದೆ. ಚಕ್ಕೆ ಲವಂಗವನ್ನೂ ಒಗ್ಗರಣೆಯಲ್ಲೇ ಹಾಕಿಕೋ.

ಇನ್ನೊಂದು ಮಾತು, ಇದನ್ನು ಗಂಭೀರವಾಗಿ ತಗೋ. ಮೇಲೆ ಎಣ್ಣೆ ಸುರಿದರೆ ಕೆಡುವುದಿಲ್ಲ ಎಂದು ಬಾಟಲಿಯನ್ನು ಹೊರಗಿಡುತ್ತಾರಲ್ಲ, ಅದು ತಪ್ಪು. ಎಣ್ಣೆಯಡಿ ಗಾಳಿಯಾಡದ ಕಡೆ ಹಸಿ ಬೆಳ್ಳುಳ್ಳಿಯಲ್ಲಿ ಬಾಟ್ಯುಲಿಸಂ ಎಂಬ ಜೀವಕ್ಕೇ ಅಪಾಯವಾದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಸನೆ, ಬಣ್ಣ ನೋಡಿದರೆ ಗೊತ್ತೇ ಆಗುವುದಿಲ್ಲ. ಮೂರು ನಾಲ್ಕು ದಿನಕ್ಕೆ ಬೇಕಾದಷ್ಟನ್ನು ಫ್ರಿಜ್‌ನಲ್ಲಿಡು. ಉಳಿದದ್ದನ್ನು ರುಬ್ಬಿದ ದಿನವೇ ಐಸ್ ಟ್ರೇಗೆ ತುಂಬಿ ಫ್ರೀಜರ್‌ಗೆ ಸೇರಿಸು. ಗಟ್ಟಿಯಾದ ಮೇಲೆ ಕವರಿಗೆ ಹಾಕಿ ಬಾಯಿ ಬಿಗಿ.

ಚಾಪ್ಸ್‌ಗೆ ಈರುಳ್ಳಿ ಕೆಂಪಗಾದ ಮೇಲೆ ಈ ಮಸಾಲೆ ಹಾಕಿ, ಹಸಿ ವಾಸನೆ ಹೋಗಿ ಅಂಚಲ್ಲಿ ಎಣ್ಣೆ ಬಿಡುವವರೆಗೆ ಹುರಿ. ಇಲ್ಲಿ ಆತುರ ಮಾಡಿದರೆ ಎಷ್ಟು ಒಳ್ಳೇ ಸೊಪ್ಪಾದರೂ ದಂಡ. ಅವರೆಕಾಳು ಪಲಾವ್‌ಗೂ ಇದೇ ಮಸಾಲೆ ನಡೆಯುತ್ತದೆ, ಕಾಳು ಸಿಕ್ಕರೆ ಬಿಡಬೇಡ. ಉಪ್ಪು ಮಾತ್ರ ಕೊನೆಗೆ ರುಚಿ ನೋಡಿ ಹಾಕು, ಮಸಾಲೆಯಲ್ಲಿ ಆಗಲೇ ಇದೆ.

ಇಂತಿ,
ನಿನ್ನ ಮೈಸೂರಿನ ಗೆಳೆಯ