ಅಮ್ಮನ ಎದೆಬಡಿತ ಹದಕ್ಕೆ ಬಂತು, ನಿಮಗೆಲ್ಲ ತುಂಬಾ ಥ್ಯಾಂಕ್ಸ್

ಅಮ್ಮನ ಹೋಲ್ಟರ್ (ಮೈಗೆ ಹಚ್ಚಿಕೊಂಡು ಓಡಾಡುವಾಗಲೂ ಎದೆಬಡಿತ ದಾಖಲಿಸುವ ಯಂತ್ರ) ರಿಪೋರ್ಟ್ ಬಂತು. ತಪ್ಪು ಬಡಿತ ತಡೆಯಲು ಹೃದಯದಲ್ಲಿ ಸುಟ್ಟು ಕಲೆ ಮಾಡುವ ಅಬ್ಲೇಷನ್ ಆಗಿ ವರ್ಷವಾಯಿತು, ಬಡಿತ ಎಲ್ಲೂ ತಪ್ಪಿಲ್ಲ. ಇದನ್ನು ಮೊದಲು ನಿಮಗೇ ಹೇಳಬೇಕು ಅನ್ನಿಸಿತು.

ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್ ಮಾತ್ರೆಗೆ ಬಗ್ಗದೆ ಹೋದಾಗ ನಳಿಗೆ ತೂರಿಸಿ ಮಾಡುವ ಕ್ಯಾತೀಟರ್ ಅಬ್ಲೇಷನ್ನೋ ಸರ್ಜರಿಯೋ ಅಂತ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹೃದ್ರೋಗದ ಡಾಕ್ಟರೇ, ಆವತ್ತು ನೀವು ಹಾಳೆಯ ಮೇಲೆ ಚಿತ್ರ ಬರೆದು, ತೊಡೆಸಂದಿನ ರಕ್ತನಾಳದಿಂದ ತೆಳ್ಳಗಿನ ನಳಿಗೆ ಹೃದಯಕ್ಕೆ ಹೇಗೆ ಹೋಗುತ್ತೆ, ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯ ಸುತ್ತ ಸುಟ್ಟು ಕಲೆ ಮಾಡಿದರೆ ಅಲ್ಲಿ ಹುಟ್ಟುವ ತಪ್ಪು ಕರೆಂಟ್ ಯಾಕೆ ಒಳಗೆ ದಾಟುವುದಿಲ್ಲ ಅಂತ ಅಮ್ಮನಿಗೇ ಅರ್ಥವಾಗುವ ಹಾಗೆ ಹೇಳಿದಿರಿ. ಒಂದೇ ಸಲಕ್ಕೆ ಆಗದಿರಬಹುದು, ಮತ್ತೊಮ್ಮೆ ಮಾಡಬೇಕಾಗಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಈ ಎರಡನ್ನೂ ಹೋಲಿಸಿದ 2012ರ ಫಾಸ್ಟ್ ಅಧ್ಯಯನದಲ್ಲಿ ವರ್ಷದ ಕೊನೆಗೆ ಬಡಿತ ಸರಿಯಿದ್ದವರು ಸರ್ಜರಿಯ ಗುಂಪಿನಲ್ಲೇ ಜಾಸ್ತಿ, ಆದರೆ ತೊಂದರೆಗಳೂ ಅಲ್ಲೇ ಜಾಸ್ತಿ ಅಂತ ನೀವೇ ಹೇಳಿ, ಸರ್ಜನ್ ಹತ್ತಿರವೂ ಕೇಳಿಕೊಂಡು ಬನ್ನಿ ಅಂತ ಕಳಿಸಿದಿರಿ. ಹಾಗೆ ಎಷ್ಟು ಜನ ಕಳಿಸುತ್ತಾರೆ?

ಸರ್ಜನ್ ಸರ್, ನಿಮ್ಮನ್ನಂತೂ ಮರೆಯಲಾರೆವು. 1987ರಲ್ಲಿ ಅಮೆರಿಕದ ಸರ್ಜನ್ ಜೇಮ್ಸ್ ಕಾಕ್ಸ್ ಶುರುಮಾಡಿದ ಮೇಜ್ ಆಪರೇಷನ್ನಿನಲ್ಲಿ ಹೃದಯದ ಮೇಲಿನ ಕೋಣೆಗಳನ್ನು ಕತ್ತರಿಸಿ ಹೊಲಿಯುತ್ತಿದ್ದರು, ಈಗ ಪಕ್ಕೆಯಲ್ಲಿ ಸಣ್ಣ ತೂತು ಮಾಡಿಯೂ ಅಬ್ಲೇಷನ್ ಮಾಡಬಹುದು, ರಕ್ತ ಹೆಚ್ಚಾಗಿ ಹೆಪ್ಪುಗಟ್ಟುವ ಎಡಕೋಣೆಯ ಪುಟ್ಟ ಚೀಲವನ್ನೂ ಆಗಲೇ ಮುಚ್ಚಬಹುದು ಅಂತ ಎಲ್ಲ ವಿವರಿಸಿದಿರಿ. ಕೊನೆಗೆ, "ಇವರ ವಾಲ್ವ್ ಚೆನ್ನಾಗಿದೆ. ವಾಲ್ವ್‌ಗೆ ಹೇಗೂ ಎದೆ ತೆರೆಯಬೇಕಿದ್ದರೆ ಎರಡೂ ಒಟ್ಟಿಗೆ ಮಾಡೋಣ ಅಂತಿದ್ದೆ. ಈಗ ಮೊದಲು ಕ್ಯಾತೀಟರ್ ಮಾಡಿಸಿ" ಅಂದಿರಿ. ನಿಮ್ಮ ಕೈಗೆ ಬಂದ ಕೇಸನ್ನು ನೀವೇ ವಾಪಸ್ ಕಳಿಸಿದಿರಿ. ಮನೆಯ ಜಗಳ ಅಲ್ಲಿಗೆ ನಿಂತಿತು.

ವಾರ್ಡಿನ ಸಿಸ್ಟರ್, ಮನೆಗೆ ಬಂದ ಮೇಲೆ ಮತ್ತೆ ಎದೆ ಡವಗುಟ್ಟಿದಾಗ ಎಲ್ಲ ವ್ಯರ್ಥವಾಯಿತು ಅಂತ ನಾವು ಕುಸಿದಿದ್ದೆವು. ಡಾಕ್ಟರನ್ನು ಕೇಳಿ ತಕ್ಷಣ ತಿಳಿಸಿದವರು ನೀವು: ಒಳಗಿನ ಗಾಯ ಮಾಗುವ ಮೊದಲ ಎರಡು ಮೂರು ತಿಂಗಳು ಹೀಗಾಗುವುದುಂಟು, ಅಷ್ಟಕ್ಕೇ ಫೇಲ್ ಅನ್ನಬೇಡಿ, ಆದರೆ ಇಸಿಜಿ ತೆಗೆಸಿ ಅಂತ. ನಿಮ್ಮ ದನಿ ಕೇಳಿ ಅಮ್ಮ ಆ ರಾತ್ರಿ ನಿದ್ದೆ ಮಾಡಿದಳು.

ಪಾರ್ಶ್ವವಾಯುವಿನ ಅಪಾಯ ಪೂರ್ತಿ ಹೋಗಿಲ್ಲ ಅಂತ ರಕ್ತ ತೆಳುವಾಗಿಸುವ ಮಾತ್ರೆ ಮುಂದುವರಿದಿದೆ. ಬಡಿತ ಸರಿಯಾಯಿತು ಅಂತ ಸುಮ್ನೆ ನಿಲ್ಲಿಸಬೇಡಿ ಅಂದಿದ್ದಿರಲ್ವಾ, ಅಮ್ಮ ಒಂದು ದಿನವೂ ತಪ್ಪಿಸುತ್ತಿಲ್ಲ. ಮುಂದಿನ ಚೆಕಪ್ಪಿಗೆ ಅವಳೇ ಬಂದು ನಿಮ್ಮೆಲ್ಲರನ್ನೂ ಮಾತಾಡಿಸುತ್ತಾಳಂತೆ.